ಕುಂಡಕ್ಕೆ ಬಂದ ನೀರಿನ ಸರದಿ

ಊಟ ಬಲ್ಲವನಿಗೆ ರೋಗವಿಲ್ಲ, ನೀರು ಬಲ್ಲವನ ಸೊಸೆಗೆ ಗಿಡವಿಲ್ಲ. ಗಾದೆ ಸುಳ್ಳಾದರೂ ಕತೆ ಸುಳ್ಳಲ್ಲ. ಬೇಕಾದರೆ ಹೊಳಲಿನ ಮಂಜುಶ್ರೀಯನ್ನೇ ಕೇಳಿ ನೋಡಿ.

ಅವಳ ಮಾವ ರಾಮಲಿಂಗಯ್ಯ ನಾಲೆಯ ನೀರುಗಂಟಿಯಾಗಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಟ್ಟ ಕೈ, ಸುಮ್ಮನಿರಬೇಕಲ್ಲ. ಮಂಜುಶ್ರೀ ಅಂಗಳದ ಕುಂಡಗಳಲ್ಲಿ ಸಾಕಿದ್ದೋ, ಎಲೆ ಮೇಲೆ ಎಲೆ ಗುಲಾಬಿಯಂತೆ ಸುತ್ತಿಕೊಳ್ಳುವ ದಪ್ಪೆಲೆಯ ಗಿಡ. ಮರಳು, ಜಲ್ಲಿಚೂರು ಹಾಕಿ ಬಿಟ್ಟರೆ ಬಿಸಿಲುಂಡು ಬದುಕುವ ಜಾತಿ. ಬುಡದ ಎಲೆ ಒಣಗುವುದು ಅದರ ವಾಡಿಕೆ. ಮಾವನ ಕಣ್ಣಿಗೆ ಅದೇ ಬಾಯಾರಿಕೆ. ದಿನಾ ತಂಬಿಗೆ ಬಗ್ಗಿಸಿ ಒಂದೊಂದನ್ನೇ ಕೊಳೆಸಿದರು. ಬೇಡವೆಂದರೆ, "ನೀರ್ ಕುಡೀದೆ ಬದುಕಾಕೆ ಅದೇನು ಕಲ್ಲಾ? ಸುಮ್ಕಿರವ್ವ" ಎನ್ನುತ್ತಿದ್ದರು. ಕೊನೆಗೆ ಉಳಿದದ್ದು ಒಂದೇ ಕುಂಡ. ಅದೂ ಹೋದರೆ ಎಂದು ಅವಳಿಗೆ ಊಟವೇ ರುಚಿಸದಾಯಿತು.

ಮಳವಳ್ಳಿಯ ತಮ್ಮ ಪ್ರಸನ್ನನ ಹತ್ತಿರ ಗೋಳು ತೋಡಿಕೊಂಡಳು. ಯಾರ ದನಿಯನ್ನಾದರೂ ಕದ್ದು ಮಾತಾಡುವ ಆಸಾಮಿ ಅವನು. ಮಾರನೆಯ ದಿನ ಮಾವನ ಫೋನಿಗೆ ಹೊಸ ನಂಬರಿನಿಂದ ನಾಲೆ ಇಂಜಿನಿಯರರ ದಪ್ಪ ದನಿ ಬಂತು: ದಪ್ಪೆಲೆ ಗಿಡದ ಮೇಲೆ ಪರೀಕ್ಷೆ ನಡೆಸುತ್ತಿದ್ದೇವೆ, ನಂಬಿಕಸ್ತರೆಂದು ನಿಮ್ಮ ಕುಂಡವನ್ನೇ ಆರಿಸಿದ್ದೇವೆ, ಆರ್ಡರ್ ಬರುವವರೆಗೆ ತೊಟ್ಟು ನೀರೂ ಬಿಡಬಾರದು. ಮಾವ ಎದ್ದು ನಿಂತು "ಆಗ್ಲಿ ಸಾ" ಎಂದರು.

ಗಿಡ ಚೇತರಿಸಿಕೊಂಡಿತು; ಪಕ್ಕದಲ್ಲಿ ಮರಿಗಳೂ ಹುಟ್ಟಿದವು. ಆದರೆ ಬೇಸಿಗೆ ಬಲಿತು ಎಲೆಗಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದಾಗ ಮಂಜುಶ್ರೀ ಲೋಟ ಹಿಡಿದು ಹೋದರೆ, ಮಾವ ಕುಂಡಕ್ಕೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಆರ್ಡರ್ ಆಗ್ದೆ ನಮ್ಮಪ್ಪ ಬಂದ್ರೂ ಬುಡಕ್ಕಿಲ್ಲ ಕಣವ್ವ."

ಇನ್ನೇನು ದಾರಿ? ಪ್ರಸನ್ನನೇ ಇನ್ನೊಂದು ಆರ್ಡರ್ ಕೊಡಬೇಕಾಯಿತು; ಬಾಡೂಟವಿಲ್ಲದೆ ಆಗದೆಂದು ಊರಿಗೇ ಬಂದ. ಅಕ್ಕನ ಕೈಯ ಬಾಡೂಟ ಮುಗಿಸಿ, ಹಿತ್ತಲಿಗೆ ಹೋಗಿ, ಕೊಟ್ಟಿಗೆಯ ಮರೆಯಲ್ಲಿ ನಿಂತು ಮಾವನಿಗೆ ಫೋನ್ ಮಾಡಿದ. ಇಂಜಿನಿಯರರು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೇ ಕೊಟ್ಟಿಗೆಯ ಎಮ್ಮೆ ಕೂಗಿತು. ಆ ಕೂಗು ಮಾವನ ಒಂದು ಕಿವಿಗೆ ಫೋನಿನಿಂದ, ಇನ್ನೊಂದಕ್ಕೆ ಹಿತ್ತಲಿನಿಂದ ಕೇಳಿಸಿತು.

ಮಾವ ಫೋನು ಕಿವಿಗಿಟ್ಟುಕೊಂಡೇ ತಂಬಿಗೆ ತುಂಬಿಕೊಂಡು ಕಳ್ಳಹೆಜ್ಜೆಯಲ್ಲಿ ನಡೆದರು. ಮಂಜುಶ್ರೀ ಲೋಟ ಹಿಡಿದು ಹಿಂದೆಯೇ ಹೋದಳು. ಕೊಟ್ಟಿಗೆಯ ಮರೆಯಲ್ಲಿ ದಪ್ಪ ದನಿ ಇನ್ನೂ ಆರ್ಡರ್ ಓದುತ್ತಿತ್ತು.

"ಆಗ್ಲಿ ಸಾ" ಎಂದು ಬೆನ್ನ ಹಿಂದೆ ನಿಂತೇ ಮಾವ ಅರ್ಧ ತಂಬಿಗೆ ಅವನ ತಲೆಗೆ ಸುರಿದರು. "ಮಳವಳ್ಳಿ ಕಡೇ ಗದ್ದೆಗೆ ನೀರ್ ತಲುಪಕ್ಕಿಲ್ಲ ಅಂತ ನಿಮ್ಮೂರೋರು ನನ್ನ ಬಯ್ತಿದ್ರಲ್ಲ, ತಲುಪ್ತೇನ್ಲಾ ಈಗ?"

ಉಳಿದರ್ಧವನ್ನು ಸೊಸೆಯ ಲೋಟಕ್ಕೆ ಬಗ್ಗಿಸಿ, "ಓಗವ್ವ, ಇನ್ ಮ್ಯಾಕೆ ಆ ಗಿಡದ ನೀರುಗಂಟಿ ನೀನೇಯ" ಎಂದವರೇ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು, ಎಮ್ಮೆ ಮೇವು ಬಿಟ್ಟು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.