ಗೋಡೆಯೊಳಗಿನ ದುಂಬಿ

ಶಹಾಬಾದದ ಪಾಲಿಶ್ ಕಾರ್ಖಾನೆಯಲ್ಲಿ ಖಂಡೆಪ್ಪನ ಕೆಲಸ ಒಂದೇ: ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು. ಠಣ್ ಎಂದರೆ ಗಟ್ಟಿ, ಬದ್ದ್ ಎಂದರೆ ಒಳಗೆ ಬಿರುಕು. ಮೂವತ್ತು ವರ್ಷ ತಟ್ಟಿದ. ಅಷ್ಟು ವರ್ಷವೂ ಮಗ್ಗುಲಲ್ಲೇ ಗರಗರ ಅನ್ನುತ್ತಿದ್ದ ಮಷೀನು ಅವನ ಕಿವಿಯನ್ನು ತಿಂದುಹಾಕಿತ್ತು. ಹತ್ತಿರದ ಮಾತು ಹೇಗೋ ಕೇಳುತ್ತಿತ್ತು, ಆದರೆ ಈಗ ಎಲ್ಲ ಕಲ್ಲೂ ಒಂದೇ ಥರ ಕೇಳುತ್ತಿದ್ದವು. ಕಾರ್ಖಾನೆಯ ಸಾವುಕಾರನಿಗೆ ಗೊತ್ತಾದರೆ ಮರುದಿನವೇ ಮನೆಗೆ ಕಳಿಸುತ್ತಾನೆಂದು ಖಂಡೆಪ್ಪ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗುವುದು ಬಿಟ್ಟು, ಅದೇ ಕಾರ್ಖಾನೆಯಲ್ಲಿ ಕಲ್ಲು ಹೊರುವ ಮಗಳು ಭಾಗ್ಯಳನ್ನು ಕರಕೊಂಡು ಶ್ರೀಶೈಲಕ್ಕೆ ಹೊರಟ. ಗಂಡಸಿನ ಹಟ, ಏನು ಮಾಡುವುದು!

ಬಸ್ಸಿನಲ್ಲಿ ಮಗಳಿಗೆ ಕಥೆ ಹೇಳಿದ. "ಎರಡು ಕಾಲಿಂದಾಗ್ಲಿ, ನಾಕು ಕಾಲಿಂದಾಗ್ಲಿ ನನ್ನ ಕೊಲ್ಲಬಾರ್ದು ಅಂತ ಅರುಣಾಸುರ ವರ ಬೇಡಿದ್ನವ್ವಾ. ಆರು ಕಾಲಿಂದು ನೆನಪೇ ಆಗ್ಲಿಲ್ಲ ಅವಗ. ಭ್ರಮರಾಂಬಾ ತಾಯಿ ದುಂಬಿ ಹಿಂಡು ಬಿಟ್ಳು, ಮುಗೀತು. ಗುಡಿ ಹಿಂದಿನ ಗ್ವಾಡಿಗಿ ಕಿವಿ ಹಚ್ಚಿದ್ರ ಇನ್ನೂ ಗುಂಯ್ ಅಂತಾವ. ಭಕ್ತಿ ಇದ್ದವರಿಗಿ ಕೇಳ್ತದ."

ಭ್ರಮರಾಂಬೆಯ ಗುಡಿಯ ಹಿಂದೆ ಸಾಲಿನಲ್ಲಿ ನಿಂತು ಗೋಡೆಯ ಕಿಂಡಿಗೆ ಕಿವಿಯಿಟ್ಟ. ಏನೂ ಇಲ್ಲ. ಹಿಂದಿನವರು ಅವಸರ ಮಾಡುತ್ತಿದ್ದರು. "ಕೇಳ್ತು, ಭಾಳ ಚಂದ ಕೇಳ್ತು" ಅಂದುಬಿಟ್ಟ, ದೇವಿಯ ಬೆನ್ನ ಹಿಂದೆಯೇ ಸುಳ್ಳು. ಭಾಗ್ಯ ಕಿವಿಯಿಟ್ಟಳು, ಆಮೇಲೆ ಅಪ್ಪನ ಮುಖ ನೋಡಿದಳು. "ನನಗ ಏನೂ ಕೇಳಲಿಲ್ಲಪ್ಪಾ" ಎಂದಳು.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ತನಗೆ ಭಕ್ತಿಯಿಲ್ಲವೆಂದು ಹುಡುಗಿ ಕೊರಗುತ್ತಿದ್ದಾಳೆ ಅಂದುಕೊಂಡ ಖಂಡೆಪ್ಪ. ಸೇಡಂ ದಾಟುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ನನಗೂ ಕೇಳಲಿಲ್ಲವ್ವಾ. ಕಲ್ಲೂ ಕೇಳವಲ್ದು, ವರ್ಷಾತು."

"ಗೊತ್ತದ" ಎಂದಳು ಭಾಗ್ಯ. "ನೀ ಪಾಸ್ ಮಾಡಿದ್ದನ್ನ ನಾ ಮತ್ತ ತಟ್ಟಿ, ಒಡಕಿಂದು ಬ್ಯಾರೆ ತೆಗೀಲಿಕತ್ತೀನಿ."

ಮರುದಿನ ಖಂಡೆಪ್ಪ ಸಾವುಕಾರನ ಎದುರೇ ಸುತ್ತಿಗೆಯನ್ನು ಮಗಳ ಕೈಗಿಟ್ಟ. "ನನಗ ಕಿವಿ ಕೇಳಂಗಿಲ್ರಿ. ಇನ್ನ ಈಕಿ ತಟ್ತಾಳ." ಸಾವುಕಾರ ಹತ್ತು ಕಲ್ಲು ತಟ್ಟಿಸಿ ನೋಡಿದ. ಭಾಗ್ಯ ಒಂದೂ ತಪ್ಪಲಿಲ್ಲ. "ಆಯ್ತು. ನೀ ಇನ್ನ ಕಲ್ಲು ಹೊರು" ಎಂದ ಖಂಡೆಪ್ಪನಿಗೆ.

ಮಧ್ಯಾಹ್ನ ಬುತ್ತಿ ಉಣ್ಣಲು ಹೋಗುವ ಮುಂಚೆ ಭಾಗ್ಯ ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ಗುಡಿಯಾಗ ನನಗ ಕೇಳಿತ್ತಪ್ಪಾ. ನಾ ಸುಳ್ಳಾಡಿದ್ದು ನೀ ಖರೇ ಹೇಳ್ಲಿ ಅಂತ."

ಸಿಟ್ಟು ಬರಬೇಕಿತ್ತು. ಕಣ್ಣು ತುಂಬಿಕೊಂಡವು. "ಹ್ಯಾಂಗಿತ್ತು?" ಎಂದು ಕೇಳಿದ.

ಭಾಗ್ಯ ಅವನ ಕೈ ಹಿಡಿದು, ನಡೆಯುತ್ತಿದ್ದ ಮಷೀನಿನ ಮೈಮೇಲೆ ಅಂಗೈ ಇಡಿಸಿದಳು. "ಹಿಂಗ."

ಮೂವತ್ತು ವರ್ಷ ತಾನು ಬೈದ ಮಷೀನು ಅದು. ಖಂಡೆಪ್ಪ ಕೈ ತೆಗೆಯಲಿಲ್ಲ.