ಸುಕೇಶನ ಹೆಸರು ಬಂದಾಗ

"ಮೌಸ್ ಮುಟ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?" ಎಂದ ಶ್ಯಾಮಸುಂದರ್. "ನೀವು ಮುಟ್ಟಿದ್ರೆ ಅದಕ್ಕೆ ದಾರಿ ತಪ್ಪತ್ತೆ. ಸುಮ್ನೆ ಕೂತು ನೋಡ್ತಿರಿ, ಸಾಕು."

ಆಲಿವ್ ಕೈ ಹಿಂದಕ್ಕೆ ತೆಗೆದುಕೊಂಡಳು. ಮುಟ್ಟುವ ಆಸೆ ಅವಳಿಗೇನೂ ಇರಲಿಲ್ಲ. ಮೇಜಿನ ಮೇಲೆ ಧೂಳು ಕೂತಿತ್ತು, ಒರೆಸಲು ಹೋಗಿದ್ದಳು. ಪರದೆಯ ಮೇಲೆ ಬಾಣದ ಗುರುತು ಯಾರ ಹಂಗೂ ಇಲ್ಲದೆ ತಾನೇ ಓಡಾಡುತ್ತಿತ್ತು. ಒಂದು ರಜೆಯ ಅರ್ಜಿ ತೆರೆಯುವುದು, ಕೆಳಗಿಳಿದು ಕೆಂಪು ಬಟನ್ ಒತ್ತುವುದು, ಖಂಡಿತವೇ ಎಂದು ಕೇಳಿದರೆ ಹೌದು ಎನ್ನುವುದು, ಮುಂದಿನ ಅರ್ಜಿಗೆ ಹೋಗುವುದು. ಮತ್ತೆ ಅದೇ. ಒಬ್ಬೊಬ್ಬನ ಊರು, ತಾಯಿ, ಹೆರಿಗೆ, ಮದುವೆ ಎಲ್ಲವೂ ಒಂದು ಕ್ಷಣ ಪರದೆಯ ಮೇಲೆ ಬಂದು ಹೋಗುತ್ತಿತ್ತು.

ಕುವೈತಿನ ಸಬ್ಹಾನಿನ ಆ ಕಂಪನಿ ಫ್ರೋಜನ್ ಕೋಳಿಯಿಂದ ಹಿಡಿದು ಸಮೋಸದ ಹಾಳೆಯವರೆಗೆ ಎಲ್ಲವನ್ನೂ ಅಂಗಡಿಗಳಿಗೆ ಸಾಗಿಸುವ ಕಂಪನಿ. ರಂಜಾನಿಗೆ ಮುಂಚಿನ ವಾರಗಳಲ್ಲಿ ಅಲ್ಲಿ ಯಾರಿಗೂ ಕೆಮ್ಮಲೂ ಪುರುಸೊತ್ತಿರುವುದಿಲ್ಲ. ಈದ್ ಮುಗಿಯುವ ತನಕ ಯಾರಿಗೂ ರಜೆ ಇಲ್ಲ, ಬಂದ ಅರ್ಜಿಗಳೆಲ್ಲ ಖಲಾಸ್ ಎಂದು ಮುದೀರ್ ಹೇಳಿಬಿಟ್ಟಿದ್ದ. ಮುದೀರ್ ಎಂದರೆ ಕಂಪನಿಯ ಕುವೈತಿ ಮ್ಯಾನೇಜರ್. ಅವನ ಮಾತಿಗೆ ಎದುರಿಲ್ಲ. ಅರ್ಜಿಗಳೋ ರಾಶಿ. ಕಂಪನಿಯ ಹಳೇ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಒಟ್ಟಿಗೆ ತಿರಸ್ಕರಿಸುವ ದಾರಿ ಇರಲಿಲ್ಲ. ಅದಕ್ಕೆ ಕಂಪ್ಯೂಟರ್ ವಿಭಾಗದ ಮೋಹಿತ್ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದ. ಶ್ಯಾಮಸುಂದರ್ ತನ್ನ ಲಾಗಿನ್ನಿನಲ್ಲಿ ಅದನ್ನು ಓಡಿಸಿ, ಕಾಯಲು ಆಲಿವಳನ್ನು ಕೂರಿಸಿದ್ದ. ಅವನು ಎಚ್‌ಆರ್ ಮ್ಯಾನೇಜರ್, ಅವಳು ಎಚ್‌ಆರ್ ಕ್ಲರ್ಕ್. ಅವಳು ಆ ಆಫೀಸಿಗೆ ಸೇರಿದಾಗ ಅವನಿನ್ನೂ ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದ. ಇಬ್ಬರೂ ಇದನ್ನು ಮರೆತಿರಲಿಲ್ಲ.

"ತಾನೇ ಓಡುವುದಾದ್ರೆ ನಾನು ಯಾಕೆ ಕಾಯ್ಬೇಕು?" ಎಂದು ಕೇಳಿದಳು ಆಲಿವ್.

ಶ್ಯಾಮಸುಂದರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸುಕೇಶನ ಹೆಸರು ಬಂದಾಗ ನಿಲ್ಲಿಸ್ಬೇಕು. ಕಂಟ್ರೋಲ್, ಆಲ್ಟ್, ಪಿ, ಮೂರೂ ಒಟ್ಟಿಗೆ ಒತ್ತಿ, ನಿಲ್ಲತ್ತೆ. ಅವಂದು ನಾನು ಬಂದು ಕೈಯಲ್ಲೇ ಅಪ್ರೂವ್ ಮಾಡ್ತೀನಿ. ಆಮೇಲೆ ಅದೇ ಮೂರು ಒತ್ತಿದ್ರೆ ಮುಂದಕ್ಕೆ ಹೋಗತ್ತೆ."

ಸುಕೇಶ ಅಕೌಂಟ್ಸಿನವನು. ಶ್ಯಾಮಸುಂದರನ ಹೆಂಡತಿ ನಿಧಿಯ ತಮ್ಮ. ಮೈಸೂರಿನಲ್ಲಿ ಅವನೊಂದು ಫ್ಲ್ಯಾಟ್ ಕೊಂಡಿದ್ದ, ಗೃಹಪ್ರವೇಶ ಇತ್ತು.

"ಹಾಗಾದ್ರೆ ಬಾವಾಕುಂಞಿದು ಕೂಡ ನಿಲ್ಲಿಸುವ ಸರ್. ಮಗಳ ನಿಕಾಹ್ ಅಲ್ವಾ."

"ಆ ಡ್ರೈವರಿಗಾ?" ಶ್ಯಾಮಸುಂದರ್ ನಕ್ಕ. "ನಿಮಗೂ ಅವನಿಗೂ ಮುಖ ಕಂಡ್ರೆ ಆಗಲ್ಲ. ಇವತ್ತೇನು ಪ್ರೀತಿ ಉಕ್ಕಿ ಬಂತು? ನೋಡಿ, ಒಬ್ಬರಿಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗತ್ತೆ. ರೂಲ್ಸ್ ಅಂದ್ರೆ ರೂಲ್ಸ್." ಸುಕೇಶನ ಹೆಸರು ಹೇಳಿದ ಬಾಯಿಯ ಎಂಜಲು ಆರುವ ಮೊದಲೇ ಇದನ್ನು ಹೇಳಿ, ಮುದೀರ್ ಕರೆದ ಮೀಟಿಂಗಿಗೆ ಹೊರಟುಹೋದ. ನಾಚಿಕೆ ಎನ್ನುವುದು ಕೆಲವರಿಗೆ ಹುಟ್ಟುವಾಗಲೇ ಕೊಟ್ಟಿರುವುದಿಲ್ಲ.

ಮುಖ ಕಂಡರೆ ಆಗುವುದಿಲ್ಲ ಎಂದದ್ದು ಮಾತ್ರ ನಿಜ. ಬಾವಾಕುಂಞಿ ಸ್ಟಾಫ್ ವ್ಯಾನ್ ಓಡಿಸುವವನು, ಉಳ್ಳಾಲದ ಕಡೆಯ ಬ್ಯಾರಿ. ಒಂದು ಆಗಸ್ಟಿನಲ್ಲಿ ಆಲಿವ್ ತನ್ನ ಮನೆಯ ಲಿಫ್ಟಿನಿಂದ ಇಳಿಯುವುದು ಸ್ವಲ್ಪ ತಡವಾಯಿತೆಂದು ಫಿಂಟಾಸಿನ ಬಿಸಿಲಲ್ಲಿ ಅವಳನ್ನು ಬಿಟ್ಟು ವ್ಯಾನ್ ಹೊರಡಿಸಿದ್ದ. ಅವಳು ಓಡಿ ಬರುವುದನ್ನು ಕನ್ನಡಿಯಲ್ಲಿ ನೋಡಿಯೂ ನಿಲ್ಲಿಸಲಿಲ್ಲ. ಅವಳು ಕಂಪ್ಲೇಂಟ್ ಬರೆದಳು, ಅವನ ಸಂಬಳ ಕಡಿತವಾಯಿತು. ಅಲ್ಲಿಂದೀಚೆ ಅವಳು ಹತ್ತುವಾಗ ಅವನು ಬೇಕೆಂದೇ ರೇಡಿಯೋ ಜೋರು ಮಾಡುತ್ತಿದ್ದ. ಅವಳು ಇಳಿಯುವಾಗ ಬೇಕೆಂದೇ ಬಾಗಿಲು ಬಡಿಯುತ್ತಿದ್ದಳು.

ನಿಕಾಹಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಅವನು ಗಾಡಿ ಓಡಿಸುತ್ತಾ ಊರಿಗೆ ಫೋನಿನಲ್ಲಿ ಕಿರುಚುವವನು. ಇಡೀ ವ್ಯಾನಿಗೆ ಅವನ ಮನೆಯ ಕಥೆ ಗೊತ್ತಿತ್ತು. ನಿಕಾಹಿನಲ್ಲಿ ಹುಡುಗನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕಾದವನು ಅಪ್ಪ. ಅಪ್ಪ ಗಲ್ಫಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅವನ ಪರವಾಗಿ ಇನ್ನೊಬ್ಬ ಕೂರುವುದೂ ಉಂಟು. ದೊಡ್ಡ ಮಗಳದ್ದು ಹಾಗೆಯೇ ನಡೆದಿತ್ತು, ಇವನು ಜಹ್ರಾದ ಯಾವುದೋ ಗೋಡೌನಿನ ಹೊರಗೆ ನಿಂತು ಫೋನಿನಲ್ಲಿ ನೋಡಿದ್ದ. ಕಿರಿಯವಳು ಹಠ ಹಿಡಿದಿದ್ದಳು. ಉಪ್ಪ ಬಂದು ಕೂರದೆ ನಿಕಾಹೇ ಬೇಡ ಎನ್ನುತ್ತಿದ್ದಳು. "ಬರ್ತೇನೆ ಮಗಳೇ, ರಂಜಾನಿಗೆ ಮುಂಚೆ ಬಂದೇ ಬರ್ತೇನೆ," ಎಂದು ಇವನು ದಿನವೂ ಕಿರುಚುತ್ತಿದ್ದ.

ಆಲಿವಳ ಮದುವೆಗೂ ಅವಳ ಅಪ್ಪ ಬಹರೈನಿನಿಂದ ಬಂದಿರಲಿಲ್ಲ. ಶಿರ್ವದ ಇಗರ್ಜಿಯೊಳಗೆ ಸೋದರಮಾವ ಕೈ ಹಿಡಿದು ನಡೆಸಿದ್ದ. ಮಾವ ಬೆಳಿಗ್ಗೆಯೇ ಬ್ರಾಂದಿ ಹಾಕಿದ್ದ, ವಾಸನೆ ಬರುತ್ತಿತ್ತು. ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿರಲಿಲ್ಲ.

ಅವಳು ಕುರ್ಚಿ ಮುಂದಕ್ಕೆ ಎಳೆದು ಕೂತಳು. ಅರ್ಜಿಗಳು ಕೆಲಸಕ್ಕೆ ಸೇರಿದ ಕ್ರಮದಲ್ಲಿ ಬರುತ್ತಿದ್ದವು. ಬಾವಾಕುಂಞಿ ಹಳಬ, ಸುಕೇಶನಿಗಿಂತ ಬಹಳ ಮೊದಲೇ ಬರುತ್ತಾನೆ. ನಿಲ್ಲಿಸುವುದು, ಹಸಿರು ಬಟನ್ ಒತ್ತುವುದು, ಮತ್ತೆ ಬಿಡುವುದು. ಶ್ಯಾಮಸುಂದರನ ಲಾಗಿನ್ ಹೇಗೂ ತೆರೆದೇ ಇದೆ. ಆಮೇಲೆ ಕೇಳಿದರೆ ಹೌದು ನಾನೇ ಎಂದರಾಯಿತು, ತಲೆಯಂತೂ ತೆಗೆಯುವುದಿಲ್ಲ. ಹೀಗೆ ಲೆಕ್ಕ ಹಾಕಿ ಮೂರು ಬೆರಳುಗಳನ್ನು ಕೀಬೋರ್ಡಿನ ಮೇಲೆ ಸಿದ್ಧವಾಗಿ ಇಟ್ಟುಕೊಂಡಳು.

ಬಾವಾಕುಂಞಿಯ ಹೆಸರು ಬಂತು. ಪಾಸ್‌ಪೋರ್ಟಿನ ಹಳೇ ಫೋಟೋ, ಕಪ್ಪು ಮೀಸೆ. ಕಾರಣ ಎಂಬಲ್ಲಿ ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ ಒಂದೇ ಸಾಲು, ಮಗಳ ಮದುವೆ. ಆಲಿವ್ ಒತ್ತಿದಳು.

ಬಾಣ ನಿಲ್ಲಲಿಲ್ಲ. ಕೆಳಗಿಳಿಯಿತು. ಅವಳು ಮತ್ತೆ ಒತ್ತಿದಳು, ಜೋರಾಗಿ ಒತ್ತಿದಳು, ಅಂಗೈಯಿಂದಲೇ ಗುದ್ದಿದಳು. ಕೆಂಪು ಬಟನ್ ಬಿತ್ತು. ಖಂಡಿತವೇ ಎಂದಿತು, ಹೌದು ಎಂದಿತು, ಮುಂದಿನವನ ಫೋಟೋ ಬಂದು ಕೂತಿತು. ಎಲ್ಲವೂ ಅವಳು ಮೌಸಿಗೆ ಕೈ ಹಾಕುವಷ್ಟರಲ್ಲಿ ಆಗಿಹೋಗಿತ್ತು.

"ನಿನ್ನ ಕರ್ಮ," ಎಂದಳು ಆಲಿವ್, ಯಂತ್ರಕ್ಕೆ. ಆಮೇಲೆ ಪರದೆಯ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಅರಬಿ ಅಕ್ಷರದ ಗುರುತು ಇತ್ತು. ಸರಕಾರಿ ಕಾಗದಪತ್ರ ನೋಡಿಕೊಳ್ಳುವ ಈಜಿಪ್ಟಿನವನು ಬೆಳಿಗ್ಗೆ, ಶ್ಯಾಮಸುಂದರ್ ಲಾಗಿನ್ ಆದ ಮೇಲೆ, ಇದೇ ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡಿದ್ದ, ಕೀಬೋರ್ಡನ್ನು ಅರಬಿಯಲ್ಲೇ ಬಿಟ್ಟು ಹೋಗಿದ್ದ. ಅರಬಿಯಲ್ಲಿ ಪಿ ಎಂಬ ಅಕ್ಷರವೇ ಇಲ್ಲ. ಸ್ಕ್ರಿಪ್ಟು ಕಾಯುತ್ತಿದ್ದದ್ದು ಪಿಗಾಗಿ, ಇವಳು ಒತ್ತಿದ್ದು ಇನ್ನೇನೋ. ಆ ಆಫೀಸಿನಲ್ಲಿ ಪಾಸ್‌ವರ್ಡ್ ಹೋಗುತ್ತಿಲ್ಲ ಎಂದು ಅಳುತ್ತಾ ಬರುವ ಹೊಸಬರಿಗೆಲ್ಲ, "ಮೊದಲು ಮೂಲೆ ನೋಡಿ ಮಾರಾಯ್ರೆ," ಎಂದು ಬುದ್ಧಿ ಹೇಳುತ್ತಿದ್ದವಳು ಅವಳೇ. ಇವತ್ತು ಅವಳೇ ನೋಡಿರಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು ಅವಳಿಗೆ. ಒಮ್ಮೆ ತಿರಸ್ಕಾರವಾದ ಅರ್ಜಿಯನ್ನು ಮುದೀರ್ ಒಬ್ಬನೇ ತೆರೆಯಬಲ್ಲ, ಮತ್ತು ಡ್ರೈವರನೊಬ್ಬನಿಗಾಗಿ ಕ್ಲರ್ಕ್ ಒಬ್ಬಳು ಹೋಗಿ ಕೇಳಿದರೆ ಅವನು ತಲೆ ಎತ್ತಿಯೂ ನೋಡುವುದಿಲ್ಲ.

ಅವಳು ಕೀಬೋರ್ಡನ್ನು ಇಂಗ್ಲಿಷಿಗೆ ಬದಲಾಯಿಸಿದಳು. ಯಾರ್ಯಾರದೋ ಹೆಸರುಗಳು ಹೋದವು. ಅವಳು ಕಣ್ಣು ಮಿಟುಕಿಸದೆ ಕೂತಿದ್ದಳು.

ಸುಕೇಶನ ಹೆಸರು ಬಂತು. ಕ್ಲೀನ್ ಶೇವ್, ಟೈ. ಮೂರೂ ಒತ್ತಿದಳು. ಬಾಣ ಥಟ್ಟನೆ ನಿಂತಿತು, ಕೆಂಪು ಬಟನ್ನಿನ ಸ್ವಲ್ಪ ಮೇಲೆ. ಮೋಹಿತನ ಸ್ಕ್ರಿಪ್ಟಿನಲ್ಲಿ ಯಾವ ಐಬೂ ಇರಲಿಲ್ಲ. ಆಲಿವ್ ಸುಕೇಶನ ಮುಖವನ್ನು ಚೆನ್ನಾಗಿ ನೋಡಿದಳು. ಪಾಪದ ಹುಡುಗ, ಅವನ ಮೇಲೆ ಅವಳಿಗೆ ಯಾವ ದ್ವೇಷವೂ ಇರಲಿಲ್ಲ. ಬಾಟಲಿ ತೆಗೆದು ನೀರು ಕುಡಿದಳು. ಆಮೇಲೆ ಅದೇ ಮೂರು ಕೀಗಳನ್ನು ಮತ್ತೆ ಒತ್ತಿದಳು.

ಶ್ಯಾಮಸುಂದರ್ ಬಂದಾಗ ಸ್ಕ್ರಿಪ್ಟು ಮುಗಿದಿತ್ತು. "ಎಲ್ಲಿ, ಸುಕೇಶಂದು ತೆಗೀರಿ."

"ಹೋಯ್ತು ಸರ್."

"ಹೋಯ್ತು ಅಂದ್ರೆ? ನೀವು ನಿಲ್ಲಿಸ್ಲಿಲ್ವಾ?"

"ನಿಲ್ಲಿಸಿದೆ. ಮತ್ತೆ ಬಿಟ್ಟೆ."

ಅವನ ಮುಖ ಕಪ್ಪಿಟ್ಟಿತು. "ತಲೆ ಸರಿಯಿದೆಯೇನ್ರೀ ನಿಮಗೆ? ಬೇಕಂತಲೇ ಮಾಡಿದ್ರಾ?"

"ರೂಲ್ಸ್ ಅಂದ್ರೆ ರೂಲ್ಸ್ ಅಂದದ್ದು ನೀವೇ ಅಲ್ವಾ. ಈಗ ಮುದೀರ್ ಹತ್ರ ಹೋಗ್ಬೇಕು. ಹೋಗುವಾಗ ಎರಡು ಹೆಸರು ತಕೊಂಡು ಹೋಗಿ. ಸುಕೇಶಂದು, ಬಾವಾಕುಂಞಿದು. ಒಂದೇ ತಕೊಂಡು ಹೋದ್ರೆ ನಿಮ್ಮ ಹಿಂದೆಯೇ ನಾನೂ ಬರ್ತೇನೆ. ಸುಕೇಶ ನಿಮಗೆ ಎಂತ ಆಗ್ಬೇಕು ಅಂತ ಮುದೀರಿಗೆ ಗೊತ್ತಿಲ್ಲ, ಅಲ್ವಾ?"

"ಬ್ಲ್ಯಾಕ್‌ಮೇಲ್ ಮಾಡ್ತಿದ್ದೀರಾ?"

"ಎಂತ ಬೇಕಾದ್ರೂ ಹೇಳಿ."

"ಆ ಬ್ಯಾರಿ ನಿಮಗೇನಾಗ್ಬೇಕು?"

"ಎಂತ ಇಲ್ಲ. ಅವನ ಮುಖ ನೋಡಿದ್ರೆ ನನಗೆ ಮೈಯೆಲ್ಲ ಉರೀತದೆ. ಅದು ಬೇರೆ ವಿಷಯ."

ಶ್ಯಾಮಸುಂದರ್ ಕಿಟಕಿಯ ಬಳಿ ಹೋಗಿ ನಿಂತ. ಹೊರಗೆ ಫೋರ್ಕ್‌ಲಿಫ್ಟ್ ಒಂದು ಹಿಂದಕ್ಕೆ ಬರುತ್ತಾ ಬಡಿದುಕೊಳ್ಳುತ್ತಿತ್ತು. ನಿಧಿ ಆಗಲೇ ಊರಿನ ಪುರೋಹಿತರಿಗೆ ದಿನ ಹೇಳಿಯಾಗಿತ್ತು. ಮನೆಗೆ ಹೋಗಿ ಅವಳಿಗೆ ಏನು ಹೇಳುವುದೆಂದು ಅವನು ಯೋಚಿಸುತ್ತಿದ್ದದ್ದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ತಿರುಗಿದಾಗ ಅವನ ದನಿ ಮತ್ತೆ ಮ್ಯಾನೇಜರನ ದನಿಯಾಗಿತ್ತು.

"ಸರಿ, ಹೋಗ್ತೀನಿ. ಇಬ್ಬರದೂ ನಾನು ಮುದೀರ್ ಆರ್ಡರಿಗೆ ಮೊದಲೇ ಓಕೆ ಮಾಡಿದ್ದೆ, ಆಲಿವ್ ಮೇಡಂ ನಿದ್ದೆ ಹೊಡೀತಾ ಕೂತು ತಪ್ಪು ಮಾಡಿದ್ರು ಅಂತೀನಿ. ವಾರ್ನಿಂಗ್ ಬರತ್ತೆ. ಸೈನ್ ಹಾಕ್ಬೇಕು. ನಿಮ್ಮ ವೀಸಾ, ಇಕಾಮಾ ರಿನ್ಯೂವಲ್ಲಿಗೆ ಬಂದಾಗ ಆ ವಾರ್ನಿಂಗ್ ಫೈಲಲ್ಲೇ ಇರತ್ತೆ, ಅದೂ ಹೇಳ್ಬಿಡ್ತೀನಿ. ಮತ್ತೆ ನಡೆದದ್ದನ್ನ ಯಾರ ಹತ್ರನಾದ್ರೂ ಬಾಯಿ ಬಿಟ್ರೆ, ಅವನು ಏರ್‌ಪೋರ್ಟಿನಲ್ಲಿದ್ರೂ ಅವನ ರಜಾ ಕ್ಯಾನ್ಸಲ್ ಮಾಡಿಸ್ತೀನಿ. ಆಯ್ತಾ?"

ಆಲಿವ್‌ಗೆ ಅವನ ಮುಖಕ್ಕೆ ಆ ನೀರಿನ ಬಾಟಲಿ ಬೀಸಬೇಕೆನಿಸಿತು. "ಆಯ್ತು. ಬೇಗ ಹೋಗಿ. ಮುದೀರ್ ಅಸರ್ ನಮಾಜಿಗೆ ಎದ್ದರೆ ಮತ್ತೆ ಇವತ್ತು ಸಿಗುವುದಿಲ್ಲ," ಎಂದಳು.

ಸಂಜೆ ವ್ಯಾನ್ ಗೇಟಿನ ಹೊರಗೆ ನಿಂತಿತ್ತು. ಆಲಿವ್ ಹತ್ತಿದಾಗ ರೇಡಿಯೋ ಇರಲಿಲ್ಲ. ಹಿಂದಿನ ಸೀಟಿನವರೆಲ್ಲ ಆಗಲೇ ಲಾಡು ಬಾಯಾಡಿಸುತ್ತಿದ್ದರು. ಬಾವಾಕುಂಞಿ ಗಾಡಿ ಹೊರಡಿಸದೆ, ಸೀಟಿನಲ್ಲಿ ತಿರುಗಿ ಕೂತು ಎಲ್ಲರಿಗೂ ಹೇಳುತ್ತಿದ್ದ.

"ಮಧ್ಯಾಹ್ನ ಮೊಬೈಲಿಗೆ ಮೆಸೇಜು ಬಂತು, ರಿಜೆಕ್ಟ್ ಅಂತ. ನಾನು ಸತ್ತೇ ಹೋದೆ. ಮಗಳಿಗೆ ಎಂತ ಹೇಳುವುದು? ಸಾಯಂಕಾಲ ಇನ್ನೊಂದು ಮೆಸೇಜು, ಓಕೆ ಅಂತ. ಓಡಿ ಹೋಗಿ ಶ್ಯಾಮಸುಂದರ್ ಸಾರನ್ನು ಕೇಳಿದೆ. ಸಾರು ಎಲ್ಲ ಹೇಳಿದರು. ನಮಗಾಗಿ ಮುದೀರ್ ಹತ್ರ ಹೋಗಿ ಬೈಸಿಕೊಂಡು ಬಂದಿದ್ದಾರೆ ಪಾಪ. ಅಂಥ ಮನುಷ್ಯ ಈ ಕುವೈತಿನಲ್ಲಿ ಇನ್ನೊಬ್ಬ ಇಲ್ಲ."

ಯಾರೂ ಆಲಿವಳ ಕಡೆ ನೋಡಲಿಲ್ಲ. ಎಲ್ಲರೂ ಅವಳ ಕಡೆ ನೋಡದಿರಲು ಕಷ್ಟಪಡುತ್ತಿದ್ದರು. ಅವಳು ತನ್ನ ಜಾಗದಲ್ಲಿ ಕೂತು ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡಳು. ಅದರೊಳಗೆ ಸೈನ್ ಹಾಕಿದ ವಾರ್ನಿಂಗಿನ ಪ್ರತಿ ಇತ್ತು.

ಬಾವಾಕುಂಞಿ ಲಾಡಿನ ಡಬ್ಬಿ ಅವಳ ಮುಂದೆ ಹಿಡಿದ. "ನೀವು ಕೂಡ ತಕೊಳ್ಳಿ ಮೇಡಂ."

ಅವಳು ಕೈ ಚಾಚಲಿಲ್ಲ.

"ತಕೊಳ್ಳಿ. ನೀವು ಬೇಕೂಂತ ಮಾಡಿದ್ದೋ, ನಿದ್ದೆಯಲ್ಲಿ ಮಾಡಿದ್ದೋ, ನಾನು ಕೇಳುವುದಿಲ್ಲ. ಹಳೆ ಸಿಟ್ಟು ಇದ್ದದ್ದು ನನಗೂ ಗೊತ್ತುಂಟು. ಮಗಳ ನಿಕಾಹ್ ಇರುವಾಗ ಯಾರ ಮೇಲೆಯೂ ಸಿಟ್ಟು ಇಟ್ಟುಕೊಂಡು ಹೋಗಬಾರದು." ಅವನು ಡಬ್ಬಿಯನ್ನು ಇನ್ನಷ್ಟು ಹತ್ತಿರ ತಂದ. "ನಾನು ಮಾಫ್ ಮಾಡಿದ್ದೇನೆ ಮೇಡಂ. ಎಲ್ಲರ ಎದುರಲ್ಲಿ ಹೇಳ್ತೇನೆ, ಮಾಫ್ ಮಾಡಿದ್ದೇನೆ."

ನಡೆದದ್ದನ್ನು ಹೇಳಿಬಿಡಲೆಂದು ಆಲಿವ್ ಬಾಯಿ ತೆರೆದಳು. ಅವನ ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಕೆಂಪಾಗಿತ್ತು, ಮಧ್ಯಾಹ್ನ ಎಲ್ಲೋ ಕೂತು ಅತ್ತಿರಬೇಕು. ಅವನ ವಿಮಾನ ಗುರುವಾರಕ್ಕೆ.

ಅವಳು ಒಂದು ಲಾಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಬಾವಾಕುಂಞಿ ತಿರುಗಿ ಗಾಡಿ ಹೊರಡಿಸಿದ. ಲಾಡಿನಲ್ಲಿ ಏಲಕ್ಕಿ ಜಾಸ್ತಿಯಾಗಿತ್ತು. ಫಿಂಟಾಸ್ ಬರುವ ತನಕ ಅವಳು ಅದನ್ನು ಅಗಿಯುತ್ತಲೇ ಇದ್ದಳು.