ಒಂಬತ್ತು ದಿನದ ದನಿ

ಹೆಂಡತಿಯ ದನಿಯನ್ನು ತುಂಬಿಟ್ಟಿದ್ದ ಹಾರ್ಡ್ ಡಿಸ್ಕನ್ನು ಲಿಫ್ಟಣ್ಣ ಮೂರನೇ ಸಲ ಕಂಪ್ಯೂಟರಿಗೆ ಸಿಕ್ಕಿಸಿದ. ಅದರ ಪುಟ್ಟ ದೀಪವೇನೋ ಹತ್ತಿತು. ಪರದೆಯ ಮೇಲೆ ಮಾತ್ರ ಏನೂ ಬರಲಿಲ್ಲ.

ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು; ಆ ಹೆಸರು ಹಾಗೆ ಬಂದದ್ದು. ಹೆಂಡತಿಯೋ, ಬಾಯಿ ತೆರೆದರೆ ಮೂರು ಮನೆಗೆ ಕೇಳಿಸುವ ಹೆಂಗಸು. ಅಂಥವಳ ಗಂಟಲನ್ನೇ ಹುಡುಕಿಕೊಂಡು ಆ ಹಾಳು ಕ್ಯಾನ್ಸರ್ ಬರಬೇಕೆ? ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ದೂರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ರಜೆ ಹಾಕಿ ಓಡಿ ಬಂದಳು. ಒಂಬತ್ತು ದಿನ ಅಮ್ಮನನ್ನು ಮೈಕಿನ ಮುಂದೆ ಕೂರಿಸಿ ಮಾತಾಡಿಸಿದಳು, ನಗಿಸಿದಳು, ಮನೆಮಂದಿಯ ಹೆಸರನ್ನೆಲ್ಲ ಕೂಗಿಸಿದಳು. ಮುಂದೆ ಮೊಬೈಲಿನಲ್ಲಿ ಬೆರಳು ಒತ್ತಿದರೆ ಅಮ್ಮನದೇ ದನಿ ಬರಬೇಕು, ಅದು ಅವಳ ಆಸೆ. "ಎರಡು ಕಡೆ ಇಟ್ಟಿರಪ್ಪ" ಎಂದು ಹೇಳಿಯೇ ಹೋಗಿದ್ದಳು. ಕಂಪ್ಯೂಟರು ಆಮೆಯ ಹಾಗೆ ತೆವಳುತ್ತಿದೆ ಎಂದು ಲಿಫ್ಟಣ್ಣ ಅದರಲ್ಲಿದ್ದದ್ದನ್ನು ಅಳಿಸಿ, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಭದ್ರ ಮಾಡಿದ್ದ.

ಆಪರೇಷನ್ ಆಗಿ ತಿಂಗಳಾಗಿತ್ತು. ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ್ದ ತೂತಿಗೆ ತೆಳು ಬಟ್ಟೆ ಕಟ್ಟಿಕೊಂಡು ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನೋಟ್‌ಬುಕ್ಕಿನಲ್ಲಿ "ಸಿಕ್ತಾ?" ಎಂದು ಬರೆದು ತೋರಿಸಿದಳು. ಐದು ನಿಮಿಷ ಬಿಟ್ಟು ಅದನ್ನೇ ಮತ್ತೆ ತೋರಿಸಿದಳು.

ಲಿಫ್ಟಣ್ಣ ಮಗಳಿಗೆ ಫೋನ್ ಹಚ್ಚಿದ.

"ಅಪ್ಪಾ, ಕೆಳಗೆ ಎಡಗಡೆ ಮೂಲೇಲಿ ಸ್ಟಾರ್ಟ್ ಗುಂಡಿ ಇದ್ಯಲ್ಲ, ಅದರ ಮೇಲೆ ಮೌಸಿನ ಬಲಗಡೆ ಒತ್ತು. ಒಂದು ಪಟ್ಟಿ ಬರುತ್ತೆ. ಅದರಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಹುಡುಕು."

"ಇಷ್ಟು ದಿನ ಇದು ಇಲ್ಲೇ ಇತ್ತಾ!" ಲಿಫ್ಟಣ್ಣನಿಗೆ ಖುಷಿಯಾಯಿತು. ಲಿಫ್ಟಿನ ಪ್ಯಾನೆಲ್ ಬಾಗಿಲು ತೆಗೆದಾಗ ಕಾಣುವಂತೆ, ಒಳಗಿನದೆಲ್ಲ ಸಾಲಾಗಿ ಕಾಣುತ್ತಿತ್ತು. "ಎರಡು ಡಿಸ್ಕ್ ತೋರಿಸ್ತಾ ಇದೆ ಕಣಮ್ಮ. ಎರಡನೇದು ನಮ್ಮದೇ. ಅದರ ಮೇಲೆ ಇಂಗ್ಲಿಷಲ್ಲಿ ರಾ ಅಂತ ಇದೆ."

"ಹಾಗಾದ್ರೆ ಒಳಗಿನ ವಿಳಾಸದ ಪಟ್ಟಿ ಕೆಟ್ಟಿದೆ, ಅಷ್ಟೆ. ಅಮ್ಮನ ದನಿ ಒಳಗೇ ಇರುತ್ತೆ, ತೆಗೆದುಕೊಡೋರು ಇದಾರೆ. ನೀನು ಏನೂ ಒತ್ತಬೇಡ, ಗೊತ್ತಾಯ್ತಾ? ವಾರ್ಡಲ್ಲಿ ಕರೀತಿದಾರೆ, ಆಮೇಲೆ ಮಾಡ್ತೀನಿ."

ಮುಟ್ಟಬೇಡ ಎಂಬ ಮಾತನ್ನು ಲಿಫ್ಟಣ್ಣ ಜೀವಮಾನವಿಡೀ ಕೇಳಿದ್ದ. ಮುಟ್ಟದೆ ಯಾವ ಲಿಫ್ಟು ಮೇಲೆ ಹೋಗಿದೆ? ಹೋದ ವರ್ಷ ಕಂಪ್ಯೂಟರ್ ಅಂಗಡಿಯವನು ಈ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿ ಹೊಸದರ ಹಾಗೆ ವಾಪಸ್ ಕೊಟ್ಟಿರಲಿಲ್ಲವೆ? ಒಂದು ಫೋಟೋ ಕೂಡ ಹೋಗಿರಲಿಲ್ಲ. ಅಂಗಡಿಯವನು ಮೊದಲು ಎಲ್ಲವನ್ನೂ ಬೇರೆ ಕಡೆ ಎತ್ತಿಟ್ಟು ಆಮೇಲೆ ತುಂಬಿದ್ದನೆಂಬುದು ಇವನಿಗೆ ತಿಳಿದಿದ್ದರೆ ತಾನೆ! ಮಗಳು ಮತ್ತೆ ಫೋನ್ ಮಾಡುವಷ್ಟರಲ್ಲಿ ಹೆಂಡತಿಯ ದನಿ ಮನೆಯಲ್ಲಿ ಕೇಳಿಸುತ್ತಿರಬೇಕು ಎಂದುಕೊಂಡ. ಅವನ ಕಣ್ಣು ಆಗಲೇ ಒದ್ದೆಯಾಗಿತ್ತು.

ಡಿಸ್ಕಿನ ಮೇಲೆ ಬಲಗಡೆ ಒತ್ತಿದ. ಪಟ್ಟಿಯಲ್ಲಿ ಫಾರ್ಮ್ಯಾಟ್ ಎಂದಿತ್ತು. ಅದನ್ನು ಒತ್ತಿದರೆ ಚಿಕ್ಕದೊಂದು ಚೌಕ ತೆರೆಯಿತು. ಅದರಲ್ಲಿ 'ಕ್ವಿಕ್ ಫಾರ್ಮ್ಯಾಟ್' ಎಂಬುದರ ಮುಂದೆ ಮೊದಲೇ ಟಿಕ್ ಹಾಕಿತ್ತು. ಲಿಫ್ಟಣ್ಣನ ಮುಖ ಗಂಟಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಹೇಳಿದವನು ಅವನು. ಹಗ್ಗಕ್ಕೆ ಗ್ರೀಸ್ ಹಚ್ಚುವಾಗಲೂ ಒಂದು ಗೇಣು ಬಿಟ್ಟವನಲ್ಲ. ಈಗ ಹೆಂಡತಿಯ ದನಿಯ ವಿಷಯದಲ್ಲಿ ಅರ್ಜೆಂಟ್ ಕೆಲಸವೆ? ಆ ಟಿಕ್ಕನ್ನು ತೆಗೆದುಬಿಟ್ಟ.

ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಎಚ್ಚರಿಕೆಯ ಫಲಕ ಪ್ರತಿ ಲಿಫ್ಟಿನಲ್ಲೂ ಇರುತ್ತದೆ, ಹೆದರುವವರು ಮೆಟ್ಟಿಲು ಹತ್ತಲಿ. ಸರಿ ಎಂದು ಒತ್ತಿದ.

ಶೇಕಡಾ ಒಂದಾಯಿತು. ಬಹಳ ಹೊತ್ತಿನ ಮೇಲೆ ಎರಡಾಯಿತು. "ನೋಡು, ಹೇಗೆ ನಿಧಾನವಾಗಿ, ಅಚ್ಚುಕಟ್ಟಾಗಿ ಮಾಡ್ತಾ ಇದೆ" ಎಂದು ಹೆಂಡತಿಗೆ ತೋರಿಸಿದ. ಚಹಾ ಮಾಡಿ ತಂದ. ಮೂರು ಗಂಟೆ ಇಬ್ಬರೂ ಆ ಅಂಕಿಯನ್ನೇ ನೋಡುತ್ತ ಕೂತರು.

ನೂರಾಯಿತು. ಡಿಸ್ಕು ತಾನಾಗಿಯೇ ಪರದೆಯ ಮೇಲೆ ಬಂದಾಗ ಹೆಂಡತಿ ಚಪ್ಪಾಳೆ ತಟ್ಟಿದಳು. ಲಿಫ್ಟಣ್ಣ ಅದನ್ನು ತೆರೆದ. ಒಳಗೆ ಏನೂ ಇರಲಿಲ್ಲ.

"ಕರೆಂಟ್ ಹೋಗಿ ಬಂದ್ರೆ ಲಿಫ್ಟೂ ಸ್ವಲ್ಪ ಹೊತ್ತು ಸುಮ್ನಿರುತ್ತೆ" ಎಂದ. ಮುಚ್ಚಿ ಮತ್ತೆ ತೆರೆದ.

ಅಷ್ಟರಲ್ಲಿ ಮಗಳ ಫೋನು ಬಂತು. ಸ್ಪೀಕರಿಗೆ ಹಾಕಿ, ಮಾಡಿದ್ದನ್ನೆಲ್ಲ ಹೇಳಿದ.

"ಕ್ವಿಕ್ ಅಂತ ಟಿಕ್ ಇತ್ತಲ್ಲಪ್ಪ, ಅದನ್ನ ಹಾಗೇ ಬಿಟ್ಟಿದೀಯಾ?" ಮಗಳು ಕೇಳಿದಳು.

"ಇಲ್ಲಮ್ಮ, ತೆಗೆದೆ. ನಾನು ಯಾವತ್ತು ಗಡಿಬಿಡಿ ಕೆಲಸ ಮಾಡಿದೀನಿ?"

"ಅದಿದ್ದಿದ್ರೆ ಬರೀ ಪಟ್ಟಿ ಅಳಿಸ್ತಿತ್ತು, ಒಳಗಿನದು ಉಳೀತಿತ್ತು. ನೀನು ಮೂಲೆ ಮೂಲೆನೂ ಒರೆಸಿದೀಯ ಅಪ್ಪಾ. ಇನ್ನು ಯಾರ ಕೈಲೂ ಆಗಲ್ಲ." ಅವಳು ಅಳತೊಡಗಿದಳು. ಲಿಫ್ಟಣ್ಣ ಫೋನು ಇಟ್ಟ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಬಾಯಿ ತೆರೆಯಿತು, ಕತ್ತಿನ ಬಟ್ಟೆ ಉಸಿರಿಗೆ ಒಮ್ಮೆ ಎದ್ದು ಬಿತ್ತು. ಲಿಫ್ಟಣ್ಣ ಅವಳ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣೆ, ಹೊಡಿ ಬೇಕಾದ್ರೆ" ಎಂದು ಗೊಳೋ ಎಂದು ಅತ್ತ. ಅವಳು ಹೊಡೆಯಲಿಲ್ಲ. ಕೈ ಬಿಡಿಸಿಕೊಂಡು ನಿಧಾನವಾಗಿ ಬರೆದು, ನೋಟ್‌ಬುಕ್ಕನ್ನು ಅವನ ಮುಂದೆ ತಳ್ಳಿದಳು.

"ನನ್ನ ದನಿ ನನಗೆ ನೆನಪಿರುತ್ತೆ. ನಿಮಗೆ ಎಷ್ಟು ದಿನ ಇರುತ್ತೆ?"

"ಸಾಯೋತನಕ ಇರುತ್ತೆ" ಎಂದ ಲಿಫ್ಟಣ್ಣ.

ಕಣ್ಣು ಮುಚ್ಚಿ ಕೇಳಿಸಿಕೊಳ್ಳಲು ನೋಡಿದ. ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ಅವಳು "ಹೊಟ್ಟೆಗೆ ಏನಾದ್ರೂ ತಿನ್ನಿ, ಹೀಗೆ ನಿಂತಿರಬೇಡಿ" ಎಂದಿದ್ದಳು. ಮಾತು ಅಕ್ಷರ ಬಿಡದೆ ನೆನಪಿಗೆ ಬಂತು. ಆದರೆ ಅದನ್ನು ಆಡುತ್ತಿದ್ದದ್ದು ಅವನದೇ ದನಿ.